ಸ್ಕ್ರೂ ಮೇಲಿನ ಸ್ಟಿಕ್ಕರ್

ಹಲೋ... ಹಲೋ, ಯಾರು ಮಾತಾಡ್ತಿರೋದು?... ಸರ್ವಿಸ್ ಸೆಂಟರ್ ಮುಚ್ಚಿತು, ನಾಳೆ ಬೆಳಿಗ್ಗೆ ಬನ್ನಿ... ಯಾರು? ಭಾವ, ನೀವಾ? ಇದ್ಯಾರ ನಂಬರು?

...

ಕಾರ್ಡ್ ಮಾರೋರ ಫೋನಾ? ನಿಮ್ಮದು ಸತ್ತೋಯ್ತಾ... ಇದರಲ್ಲೂ ಚಾರ್ಜ್ ಇಲ್ವಾ? ಹಾಗಾದ್ರೆ ಬೇಗ ಹೇಳಿ. ಅವರು ಪಕ್ಕದಲ್ಲೇ ಇದಾರಾ?... ಹಾಂ, ಬಿಲ್ಲು ಹುಡುಕೋಕೆ ಮೇಲೆ ಹೋಗಿದಾರೆ. ಸರಿ. ಇಲ್ಲಿ ಶಟರ್ ಅರ್ಧ ಇಳಿಸಿದೀನಿ. ಬೆಳಿಗ್ಗೆಯಿಂದ ಕೌಂಟರಿನಲ್ಲಿ ನಿಂತು ನಿಂತು ಕಾಲು ನನ್ನದೋ ಬೇರೆಯವರದೋ ಗೊತ್ತಾಗ್ತಿಲ್ಲ.

...

ನಿನ್ನೆ ಹೇಳಿದ್ದನ್ನೇ ಮತ್ತೆ ಹೇಳ್ಬೇಕಾ?... ಹೇಳ್ತೀನಿ. ಅವರು ಕಂಪ್ಯೂಟರ್ ಗೇಮ್ ಅಂಗಡಿ ಮುಚ್ಚಿದಾರೆ, ಮೂರು ಗ್ರಾಫಿಕ್ಸ್ ಕಾರ್ಡ್ ಮಾರ್ತಿದಾರೆ, ಅಲ್ವಾ? ಕಪ್ಪು ಡಬ್ಬ ಪಕ್ಕಕ್ಕಿಡಿ... ಐದು ವರ್ಷ ವಾರಂಟಿ ಅಂತ ಬರೆದಿದೆ, ನಿಜ. ಅದು ಮೊದಲು ಕೊಂಡು ಹೆಸರು ನೋಂದಾಯಿಸಿದವರಿಗೆ ಮಾತ್ರ. ಕೈ ಬದಲಾಯ್ತೋ, ಮುಗೀತು. ನಮಗೆ ಐದು ದಿನಾನೂ ಸಿಗಲ್ಲ.

...

ಬಿಳಿ ಡಬ್ಬದ ಕಂಪನಿ ಪರವಾಗಿಲ್ಲ, ಎರಡನೇ ಕೈಯವರಿಗೂ ಮಾಡಿಕೊಡ್ತಾರೆ. ಆದ್ರೆ ಅಂಗಡಿಯ ಅಸಲಿ ಬಿಲ್ಲು ಬೇಕೇ ಬೇಕು... ಅದನ್ನೇ ಹುಡುಕ್ತಿದಾರಾ? ಸಿಕ್ಕಿದ ಹಾಗೆ! ಹಳೇದು ಮಾರೋರ ಬಿಲ್ಲು ಯಾವಾಗ್ಲೂ "ಈಗ ಇಲ್ಲೇ ಇತ್ತಲ್ಲ" ಅನ್ನೋ ಜಾಗದಲ್ಲೇ ಇರುತ್ತೆ.

...

ಹೌದು, ಅದಕ್ಕೇ ಕೆಂಪು ಡಬ್ಬ ಅಂದಿದ್ದು. ಅವರು ಬಿಲ್ಲೂ ಕೇಳಲ್ಲ, ಹೆಸರೂ ಕೇಳಲ್ಲ. ಕಾರ್ಡಿನ ಹಿಂದೆ ನಂಬರಿದೆಯಲ್ಲ, ಅದೊಂದೇ ಸಾಕು. ಯಾರು ತಂದ್ರೂ ಇಲ್ಲಿ ತಗೋತೀವಿ. ಇನ್ನೂ ಎರಡು ವರ್ಷ ಉಳಿದಿದೆ, ನಾನೇ ಸಿಸ್ಟಮ್‌ನಲ್ಲಿ ನೋಡಿದೀನಿ.

...

ಅಕ್ಕ ಮತ್ತೆ ಅತ್ತಳಾ?... ಗೊತ್ತು ಭಾವ. ಮನೆ ಕಟ್ಟೋ ಮೊದಲೇ ಆ ಮನೆ ಹೇಗಿರುತ್ತೆ ಅಂತ ಕಂಪ್ಯೂಟರಿನಲ್ಲಿ ಮಾಡಿ ತೋರಿಸೋಳು, ಹಳೇ ಕಾರ್ಡ್ ಸುಟ್ಟ ಮೇಲೆ ಕೈಕಟ್ಟಿ ಕೂತಿದಾಳೆ. ಕೆಲಸ ಕೊಟ್ಟಿರೋ ಆರ್ಕಿಟೆಕ್ಟ್ ಸೋಮವಾರದವರೆಗೆ ಕಾಯ್ತಾನೆ, ಅಷ್ಟೇ. ಇದೂ ಕೈಕೊಟ್ರೆ ಅವಳು ಕೆಲಸಾನೇ ಬಿಟ್ಟುಬಿಡ್ತಾಳೆ. ಅದಕ್ಕೇ ನಾನು ಬಡ್ಕೊಳ್ತಿರೋದು, ವಾರಂಟಿ ಇರೋದನ್ನೇ ತಗೊಳ್ಳಿ ಅಂತ. ಕೆಂಪು ಡಬ್ಬ ಎತ್ಕೊಂಡು ಮನೆಗೆ ಹೋಗಿ.

...

ಏನು "ಆದ್ರೆ"?

...

ಒಳಗೆ ಧೂಳಿಲ್ಲ ಅಂತ ನಿಮಗೆ ಹೇಗೆ ಗೊತ್ತು?... ಭಾವ. ಒಳಗೆ ಅಂದ್ರೆ ಎಲ್ಲಿ ಒಳಗೆ?

...

ಅಯ್ಯೋ ದೇವರೇ. ಬಿಚ್ಚಿದ್ರಾ!

...

ಗೊತ್ತು, ನೀವು ಗಡಿಯಾರ ರಿಪೇರಿಯವರು, ಹಿಂದಿನ ಮುಚ್ಚಳ ತೆಗೆದು ನೋಡದೆ ಏನನ್ನೂ ಕೊಳ್ಳಲ್ಲ. ಜೇಬಿನಲ್ಲಿ ಸ್ಕ್ರೂಡ್ರೈವರ್ ಇಲ್ಲದೆ ನೀವು ಮದುವೆ ಮನೆಗೂ ಹೋದೋರಲ್ಲ. ಸ್ಕ್ರೂ ಮೇಲೆ ಒಂದು ಗುಂಡು ಸ್ಟಿಕ್ಕರ್ ಇತ್ತಲ್ಲ?... ಚಿಮಟದಲ್ಲಿ ಎತ್ತಿದ್ರಾ. ಹರಿಯದ ಹಾಗೆ. ಭೇಷ್. ಅದೇ ಸೀಲು ಭಾವ. ಅದು ಎದ್ದರೆ ವಾರಂಟಿ ಹೋಯ್ತು. ಮೂರರಲ್ಲಿ ಬಿಚ್ಚೋಕೆ ನಿಮಗೆ ಆ ಕೆಂಪೇ ಸಿಕ್ತಾ?

...

ಆಗಲೇ ವಾಪಸ್ ಅಂಟಿಸಿದೀರಾ?... ಗೊತ್ತಾಗಲ್ಲ ಅಂದ್ರೆ ಯಾರಿಗೆ ಗೊತ್ತಾಗಲ್ಲ? ಇಲ್ಲಿ ಲೆನ್ಸ್ ಹಿಡಿದು ಸ್ಟಿಕ್ಕರ್ ನೋಡೋಳು ನಾನೇ. ನೋಡಿಯೂ ಸುಮ್ಮನಿದ್ರೆ ನನ್ನ ಕೆಲಸ ಹೋಗುತ್ತೆ, ವಾಪಸ್ ಕಳಿಸಿದ್ರೆ ಅಕ್ಕನ ಮುಖ ಹೇಗೆ ನೋಡಲಿ? ನಿಮ್ಮ ದಮ್ಮಯ್ಯ, ಅದನ್ನ ನನ್ನ ಮುಂದೆ ಮಾತ್ರ ತರಬೇಡಿ.

...

ಏನಂದ್ರಿ? ಸದ್ದಿಲ್ಲದೆ ಡಬ್ಬಕ್ಕೆ ಹಾಕಿಟ್ಟು ಬಿಳೀದು ತರ್ತೀರಾ?... ತರಬಹುದು. ಬಿಲ್ಲು ಸಿಕ್ಕರೆ ಅಕ್ಕನಿಗೆ ವಾರಂಟಿನೂ ಇರುತ್ತೆ. ಈ ಕೆಂಪನ್ನ ಇನ್ಯಾರೋ ಕೊಳ್ತಾರೆ. ಅದು ಕೆಟ್ಟುಹೋದಾಗ ಇಲ್ಲಿ ಬಂದು "ನಾನು ಬಿಚ್ಚೇ ಇಲ್ಲ ಮೇಡಂ" ಅಂತಾರೆ. ದಿನಾ ಕೇಳೋ ಮಾತು ಅದು. ಎಲ್ಲರೂ ಸುಳ್ಳೇ ಹೇಳೋದು ಅಂದ್ಕೊಂಡು ವಾಪಸ್ ಕಳಿಸ್ತೀನಿ. ಆದ್ರೆ ಅವರು ನಿಜಾನೇ ಹೇಳ್ತಿರ್ತಾರೆ, ಅಲ್ವಾ?

...

ಅವರು ಬಂದ್ರಾ? ಬಿಲ್ಲು?... ಬಿಳೀದರದು ಸಿಕ್ಕಿದೆ. ಹೂಂ.

...

ನನ್ನ ಕೇಳಬೇಡಿ ಭಾವ. ಸಾಕಾಗಿದೆ ನನಗೆ. ಅಕ್ಕನ ಒಡಹುಟ್ಟಿದೋಳು ನಾನು, ಸುಮ್ಮನೆ ಬಿಳೀದು ತನ್ನಿ ಅಂತಲೇ ಬಾಯಿಗೆ ಬರ್ತಿದೆ...

...

ಭಾವ? ಫೋನ್ ಕೆಳಗಿಟ್ರಾ?... ಹಲೋ?

...

ಹಾಂ, ಕೇಳಿಸ್ತು. ಅವರಿಗೆ "ನಾನೇ ಬಿಚ್ಚಿದೆ" ಅಂದ್ರಲ್ಲ, ಕೇಳಿಸ್ತು. ಇಷ್ಟು ವರ್ಷ ಈ ಕೌಂಟರಿನಲ್ಲಿ ನಿಂತಿದೀನಿ, ಆ ಮಾತು ಇವತ್ತೇ ಮೊದಲು ಕೇಳಿದ್ದು... ಅವರೇನಂದ್ರು?

...

ಬಿಚ್ಚಿದೋರೇ ತಗೊಂಡು ಹೋಗಿ ಅಂದ್ರಾ. ಅದೂ ನ್ಯಾಯವೇ... ತನ್ನಿ, ಕೆಂಪೇ ತನ್ನಿ. ಅಕ್ಕನ ಹತ್ರ ನಾನೂ ಮಾತಾಡ್ತೀನಿ, ಬೈದ್ರೆ ಇಬ್ಬರೂ ಬೈಸ್ಕೊಳ್ಳೋಣ. ಒಳಗೆಲ್ಲ ಚೆನ್ನಾಗಿದೆ ತಾನೇ?... ಸರಿ. ಕೆಟ್ಟರೆ ನೀವೇ ಬಿಚ್ಚಿ ನೋಡಿ, ಇನ್ನು ಯಾರಪ್ಪನ ಭಯಾನೂ ಇಲ್ಲ.

...

ಇಡಬೇಡಿ, ಇನ್ನೊಂದು ಮಾತು. ಆ ಸ್ಟಿಕ್ಕರ್ ಇದೆಯಲ್ಲ, ಮನೆ ಮುಟ್ಟೋ ಮೊದಲೇ ಅದನ್ನ ಕಿತ್ತು ಎಸೀರಿ. ಇಲ್ಲದಿದ್ರೆ ಇದೆಲ್ಲ ಮರೆತ ಮೇಲೆ ಎಂದಾದ್ರೂ ಒಂದು ದಿನ ಅಕ್ಕ ಅದನ್ನ ನಂಬ್ಕೊಂಡು ನನ್ನ ಮುಂದೆ ಬಂದು ನಿಂತು, ನಾನು ಬಿಚ್ಚೇ ಇಲ್ಲ ಕಣೇ ಅಂತ... ಹಲೋ?... ಭಾವ?... ಹಲೋ...