ಗದ್ದದ ಕೆಳಗಿನ ನೆರಳು

ಸಂಘದ ಅಧ್ಯಕ್ಷರಾದ ಬೆನಕಪ್ಪನವರೇ, ವೇದಿಕೆಯ ಮೇಲಿರುವ ಹಿರಿಯರೇ, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳಿಂದ ನಮ್ಮ ಹಗರಿಬೊಮ್ಮನಹಳ್ಳಿಗೆ ಬಂದಿರುವ ಛಾಯಾಗ್ರಾಹಕರೇ, ಮುಂದೆ ಜಾಗವಿದ್ದರೂ ಹಿಂದೆಯೇ ಕುಳಿತಿರುವ ಹೊಸಬರೇ, ಸಭಿಕರೇ,

ನಾನು ಕಲ್ಯಾಣಮ್ಮ. ಹೈಸ್ಕೂಲಿನವರೆಗೆ ಓದಿದವಳು. ಬಸ್ ನಿಲ್ದಾಣದ ಎದುರು ಅಂಗಡಿ ನಡೆಸುತ್ತಲೇ ತಲೆ ಬೆಳ್ಳಗಾಯಿತು. ಕ್ಯಾಮೆರಾ ಮಾರುವುದಿಲ್ಲ, ಅದರ ಜೊತೆಗೆ ಬೇಕಾದ ಸಾಮಾನು ಮಾರುತ್ತೇನೆ. ವಾರ್ಷಿಕೋತ್ಸವದ ಈ ಸಭೆಯಲ್ಲಿ ಹೊಸಬರಿಗೆ ಕಡಿಮೆ ಬೆಲೆಯ ಸಾಮಾನಿನ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕರೆದಿದ್ದಾರೆ. ವೇದಿಕೆ ಹತ್ತುವಾಗ ಅಧ್ಯಕ್ಷರು ಕಿವಿಯಲ್ಲಿ ಇನ್ನೊಂದು ಮಾತನ್ನೂ ಹೇಳಿದರು. "ಅಮ್ಮಾ, ಸೋಮವಾರದ್ದು ಎತ್ತಬ್ಯಾಡ್ರಿ. ಸಾಮಾನಿನ ಸುದ್ದಿ ಅಷ್ಟ ಹೇಳ್ರಿ." ಸೋಮವಾರ ಕೋರ್ಟಿನಲ್ಲಿ ನನ್ನ ಮಗಳು ಸುಕನ್ಯಾಳ ಸಾವಿನ ವಿಚಾರಣೆ ಇದೆ. ಅದು ನಿಮಗೆಲ್ಲ ಗೊತ್ತಿರುವುದೇ. ಅಧ್ಯಕ್ಷರ ಮಾತು ಮೀರುವವಳು ನಾನಲ್ಲ. ಸಾಮಾನಿನ ಸುದ್ದಿಯನ್ನೇ ಹೇಳುತ್ತೇನೆ.

ಮೊದಲನೆಯದು ಮೂರು ಕಾಲಿನ ಸ್ಟ್ಯಾಂಡು. ಹೊಸಬರು ಬಂದವರೇ ಎತ್ತರದ್ದು ಕೇಳುತ್ತಾರೆ. ಎತ್ತರ ಏಕೆ? ತೆಂಗಿನ ಮರಗಳ ಮದುವೆ ತೆಗೆಯುತ್ತೀರಾ? ಕಡಿಮೆ ಬೆಲೆಗೆ ಎತ್ತರ ಸಿಕ್ಕಿತು ಎಂದರೆ ಕಾಲು ತೆಳ್ಳಗಿದೆ ಎಂದೇ ಅರ್ಥ. ಗಿಡ್ಡದ್ದು ಕೊಳ್ಳಿ, ನಡುವಿನ ಕೊಕ್ಕೆಗೆ ಒಂದು ಮರಳಿನ ಚೀಲ ತೂಗುಹಾಕಿ. ಕುತ್ತಿಗೆ ಪಟ್ಟಿ ಕೊಳ್ಳುವಾಗ ಬಣ್ಣ ನೋಡಬೇಡಿ, ಹೊಲಿಗೆ ನೋಡಿ. ಲೆನ್ಸನ್ನು ಅಂಗಿಯ ತುದಿಯಿಂದ ಒರೆಸಬೇಡಿ. ಕೂಡ್ಲಿಗಿಯ ಕೆಂಪು ಧೂಳಾಗಲಿ, ಹಡಗಲಿಯ ಎರೆಮಣ್ಣಾಗಲಿ, ಗಾಜಿಗೆ ಎರಡೂ ಶತ್ರುವೇ. ಮೊದಲು ಗಾಳಿ ಊದುವ ರಬ್ಬರಿನ ಬುರುಡೆ, ಆಮೇಲೆ ಬಟ್ಟೆ.

ಇನ್ನು ಬೆಳಕು. ಆರುನೂರು ರೂಪಾಯಿಯ ಎಲ್‌ಇಡಿ ಲೈಟು ಸಾಕು. ಅದರ ಜೊತೆಗೆ ಟಿವಿ ಪೆಟ್ಟಿಗೆಯಲ್ಲಿ ಬರುವ ಬಿಳಿ ಥರ್ಮೋಕೋಲು. ಅದಕ್ಕೆ ದುಡ್ಡೇ ಬೇಡ. ಈ ಎರಡರ ಬೆಲೆ ಗೊತ್ತಾಗುವುದು ಮದುವೆ ಮನೆಯಲ್ಲಲ್ಲ. ಹಿರಿಯರೇ, ಹೊಸಬರನ್ನು ನೀವು ಮೊದಲು ಎಲ್ಲಿಗೆ ಕಳಿಸುತ್ತೀರಿ? ಸಾವಿನ ಮನೆಗೆ. ಹೌದೋ ಅಲ್ಲವೋ? ಅಲ್ಲಿ ಕುಳಿತವರು ಅಲುಗಾಡುವುದಿಲ್ಲ. ಕಣ್ಣು ಮುಚ್ಚಿದಾಗ ತೆಗೆದೆ ಎಂದು ತಕರಾರು ಮಾಡುವುದಿಲ್ಲ.

ನಮ್ಮಲ್ಲಿ ಸತ್ತವರನ್ನು ಕುಳ್ಳಿರಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಮಣ್ಣು ಮಾಡುವ ಮುಂಚೆ ಕೊನೆಯ ಫೋಟೋ ತೆಗೆಸುತ್ತಾರೆ. ಗೋಡೆಗೆ ಏರುವುದು ಅದೇ. ಕುಳಿತ ಹೆಣದ ತಲೆ ಮುಂದಕ್ಕೆ ಬಾಗುತ್ತದೆ, ಗದ್ದದ ಕೆಳಗೆ ಕಪ್ಪು ನೆರಳು ಬೀಳುತ್ತದೆ. ಮಡಿಲಲ್ಲಿ ಥರ್ಮೋಕೋಲು ಇಟ್ಟರೆ ಬೆಳಕು ಕೆಳಗಿನಿಂದ ಎದ್ದು ಆ ನೆರಳನ್ನು ತೊಡೆದುಹಾಕುತ್ತದೆ. ಮೆಕ್ಯಾನಿಕ್ ಹೈದರಸಾಬರ ಮಗಳು ಸೈಮಾ ಲೈಟು ಕೊಳ್ಳಲು ಬಂದಾಗ ಇದನ್ನು ನಾನೇ ಹೇಳಿಕೊಟ್ಟೆ. "ಸತ್ತವ್ರ ಮಡಿಲಾಗ ಹೆಂಗ ಇಡ್ಲಿರಿ ಅಮ್ಮಾ, ಅಂಜಿಕಿ ಬರ್ತೈತಿ" ಎಂದಳು. "ಅಂಜೂದಾದ್ರ ಬದುಕಿದ್ದವ್ರಿಗೆ ಅಂಜು. ಇಡು" ಎಂದೆ.

ಅವಳು ಇಟ್ಟಳು. ನನ್ನ ಮಗಳ ಮಡಿಲಲ್ಲಿಯೇ ಇಟ್ಟಳು.

ಸುಕನ್ಯಾಳನ್ನು ಹರಪನಹಳ್ಳಿ ಕಡೆಯ ದೊಡ್ಡ ಮನೆತನಕ್ಕೆ ಕೊಟ್ಟಿದ್ದೆವು. ಯುಗಾದಿಗೆ ಬಂದಿದ್ದಳು. ಅಂಥ ಬಿಸಿಲಿನಲ್ಲಿಯೂ ಸೆರಗನ್ನು ಕುತ್ತಿಗೆಗೆ ಬಿಗಿಯಾಗಿ ಸುತ್ತಿಕೊಂಡೇ ಓಡಾಡುತ್ತಿದ್ದಳು. ಇದೇನು ಅವತಾರ, ನೆಟ್ಟಗೆ ಹೊದ್ದುಕೋ ಎಂದು ಗದರಿದೆ. ಇನ್ನು ನಾಲ್ಕು ದಿನ ಇರುತ್ತೇನೆ ಎಂದಳು. ಹಬ್ಬ ಮುಗಿದ ಮರುದಿನವೇ ಬಸ್ಸು ಹತ್ತಿಸಿದೆ. ನಮ್ಮ ಮನೆಯ ಹೆಣ್ಣುಮಕ್ಕಳು ತವರಿನಲ್ಲಿ ಕುಳಿತು ಜನರ ಬಾಯಿಗೆ ಬಿದ್ದವರಲ್ಲ. ಅದಿರಲಿ.

ಮಳೆಗಾಲದಲ್ಲಿ ಫೋನು ಬಂತು. "ಎದಿ ನಿಂತೈತ್ರಿ, ಲಗೂನ ಬರ್ರಿ." ನಾನು ಮುಟ್ಟುವ ಹೊತ್ತಿಗೆ ಗದ್ದದವರೆಗೆ ಹಾರ ಹಾಕಿ ಕುಳ್ಳಿರಿಸಿದ್ದರು. ಸಂಜೆಯೊಳಗೆ ಮಣ್ಣೂ ಆಯಿತು. ಅಷ್ಟು ಅವಸರದಲ್ಲಿಯೂ ಅವರು ಕೊನೆಯ ಫೋಟೋ ಬಿಡಲಿಲ್ಲ. ಅಷ್ಟು ದೊಡ್ಡ ಮನೆಯ ಗೋಡೆಯ ಮೇಲೆ ಸೊಸೆಯ ಫೋಟೋ ಇಲ್ಲದಿದ್ದರೆ ಊರು ಸುಮ್ಮನಿದ್ದೀತೇ? ನಾನು ಹೋಗುವ ಮುಂಚೆಯೇ ಸೈಮಾ ಬಂದು ತೆಗೆದು ಹೋಗಿದ್ದಳು. ಯಾರ ಮಗಳೆಂದು ಅವಳಿಗೆ ಗೊತ್ತಿರಲಿಲ್ಲ. ಹೂವು ಮುಖಕ್ಕೆ ಅಡ್ಡ ಬಂತೆಂದು ಹಾರವನ್ನು ಸ್ವಲ್ಪ ಕೆಳಗೆ ಸರಿಸಿ, ಮಡಿಲಲ್ಲಿ ಥರ್ಮೋಕೋಲು ಇಟ್ಟು ತೆಗೆದಿದ್ದಳು. ಅವಳು ಹೋದ ಮೇಲೆ ಮನೆಯವರು ಹಾರವನ್ನು ಮತ್ತೆ ಗದ್ದದವರೆಗೆ ಏರಿಸಿರಬೇಕು. ಮನೆಗೆ ಹೋಗಿ ದೊಡ್ಡದು ಮಾಡಿ ನೋಡಿದರೆ ಕುತ್ತಿಗೆಯ ಸುತ್ತ ಒಂದು ಗೆರೆ. ಯಾರ ಮಗಳೆಂದು ವಿಚಾರಿಸಿಕೊಂಡು ನನ್ನ ಅಂಗಡಿಗೆ ಬಂದಳು. ಫೋಟೋ ಕೈಗೆ ಕೊಟ್ಟು, ಆ ಗೆರೆಯ ಮೇಲೆ ಬೆರಳಿಟ್ಟು ತೋರಿಸಿದಳು.

ದೂರು ಕೊಟ್ಟೆ. ಮಣ್ಣಿನಿಂದ ತೆಗೆದು ಪರೀಕ್ಷೆ ಮಾಡಿದರು. ದೇಹ ಕೊಳೆತಿದೆ, ಖಚಿತವಾಗಿ ಹೇಳಲಾಗದು ಎಂದು ವರದಿ ಬಂತು. ಉಳಿದದ್ದು ಆ ಫೋಟೋ ಒಂದೇ. ಕೋರ್ಟಿನಲ್ಲಿ ಗಂಡನ ಮನೆಯವರ ವಕೀಲ ಸೈಮಾಳನ್ನು ಕೇಳಿದ. "ಎಷ್ಟು ರೊಕ್ಕದ್ದಮ್ಮಾ ನಿನ್ನ ಲೈಟು?"

"ಆರುನೂರು ರೂಪಾಯಿದ್ರಿ."

ಕುಳಿತವರು ನಕ್ಕರು. "ಆರುನೂರು ರೂಪಾಯಿ ಲೈಟು, ಈಗಿನ್ನ ಕಲಿಯಾಕ ಹತ್ತಿದ ಕೈ. ಅದು ಗಾಯ ಅಲ್ಲ, ಹಾರದ ನೆರಳು" ಎಂದ.

ನೆರಳೇ? ನೀವು ಹೇಳಿ. ಮಡಿಲಿನಿಂದ ಬಿಳಿ ಹಲಗೆ ಬೆಳಕು ಚೆಲ್ಲುವಾಗ ಗದ್ದದ ಕೆಳಗೆ ಅಂಥ ನೆರಳು ನಿಲ್ಲುತ್ತದೆಯೇ? ಈ ಸಭೆಯಲ್ಲಿ ಇದು ಗೊತ್ತಿಲ್ಲದವರು ಒಬ್ಬರಾದರೂ ಇದ್ದೀರಾ? ಅನುಭವವಿರುವ ಒಬ್ಬ ಛಾಯಾಗ್ರಾಹಕ ಬಂದು ಇಷ್ಟು ಹೇಳಿದರೆ ಸಾಕು, ಸೋಮವಾರ ತಪ್ಪಿದರೆ ಮತ್ತೆ ಅವಕಾಶವಿಲ್ಲ ಎಂದಿದ್ದಾರೆ ನಮ್ಮ ವಕೀಲರು. ಅಧ್ಯಕ್ಷರ ಮನೆಗೆ ಹೋದೆ. "ಆ ಮನಿತನದಾಗ ನಮ್ಮ ಹುಡುಗ್ರಿಗೆ ಮದಿವಿ ಆರ್ಡರ್ ಅದಾವ್ರಿ ಅಮ್ಮಾ" ಎಂದರು. ಕೊಟ್ಟೂರಿನ ಮಂಜಣ್ಣನವರ ಸ್ಟುಡಿಯೋಗೆ ಹೋದೆ. "ನಾ ಅಲ್ಲಿದ್ದಿಲ್ಲಲ್ರಿ, ಏನಂತ ಹೇಳ್ಲಿ?" ಎಂದರು. ನೆರಳು ಹೇಗೆ ಬೀಳುತ್ತದೆ ಎಂದು ಹೇಳಲು ಅಲ್ಲಿರಬೇಕೇ, ಮಂಜಣ್ಣನವರೇ? ಹಾಗಾದರೆ ಇಷ್ಟು ವರ್ಷ ಕಲಿತದ್ದೇನು?

ಅಧ್ಯಕ್ಷರೇ, ಸೆರಗು ಎಳೆಯಬೇಡಿ. ಮುಗಿಸುತ್ತಿದ್ದೇನೆ. ನಾನು ಸಾಮಾನಿನ ಸುದ್ದಿ ಬಿಟ್ಟು ಬೇರೆ ಏನು ಹೇಳಿದೆ?

ಸೈಮಾ, ಬಾ ಇಲ್ಲಿ. ಆ ಲೈಟು ತಾ, ಥರ್ಮೋಕೋಲು ತಾ. ತಲೆ ತಗ್ಗಿಸಬೇಡ, ನೆಟ್ಟಗೆ ನಡೆದು ಬಾ. ಈಗ ನಾನು ಈ ಕುರ್ಚಿಯಲ್ಲಿ ಕೂರುತ್ತೇನೆ. ನೀವು ಪ್ರೀತಿಯಿಂದ ಹಾಕಿದ ಹಾರ ಕೊರಳಲ್ಲಿದೆ. ಇವಳು ಅದನ್ನು ಅಂದು ಸರಿಸಿದಷ್ಟೇ ಸರಿಸುತ್ತಾಳೆ. ನನ್ನ ಮಗಳ ತಲೆ ಬಾಗಿದ್ದಷ್ಟೇ ನಾನು ತಲೆ ಬಾಗಿಸುತ್ತೇನೆ. ಹಳಬರು, ಹೊಸಬರು, ಎಲ್ಲರೂ ಕ್ಯಾಮೆರಾ ಎತ್ತಿರಿ. ತೆಗೆಯಿರಿ, ದೊಡ್ಡದು ಮಾಡಿ ನೋಡಿರಿ. ಮುದುಕಿಯ ಸುಕ್ಕು ಕಂಡೀತು. ಸುಕ್ಕು ಯಾವುದು, ಹಗ್ಗದ ಗುರುತು ಯಾವುದು ತಿಳಿಯದವರು ಕ್ಯಾಮೆರಾ ಕೆಳಗಿಡಲಿ. ಹಾರದ ನೆರಳು ಗೆರೆಯಾಗಿ ಕಂಡರೆ ಸೋಮವಾರ ಬಂದು ಅವರ ಪರವಾಗಿ ಹೇಳಿ, ನಾನು ಅಡ್ಡ ಬರುವುದಿಲ್ಲ. ಕಾಣದಿದ್ದರೆ ಆ ಫೋಟೋ ನಿಮ್ಮ ನಿಮ್ಮ ಕ್ಯಾಮೆರಾದಲ್ಲಿಯೇ ಇರುತ್ತದೆ. ಅಲ್ಲಿರಲಿಲ್ಲ ಎನ್ನಲು ಇನ್ನು ಯಾರಿಗೂ ಬರುವುದಿಲ್ಲ.

ಇಷ್ಟು ಹೊತ್ತು ಸಹಿಸಿಕೊಂಡು ಕೇಳಿದಿರಿ, ನಿಮ್ಮ ಉಪಕಾರ ದೊಡ್ಡದು. ನನ್ನ ಮಗಳಂತೆ ಕುಳಿತ ಮೇಲೆ ನಾನು ಬಾಯಿ ತೆರೆಯುವುದಿಲ್ಲ. ಆದ್ದರಿಂದ ಈಗಲೇ ಹೇಳಿಬಿಡುತ್ತೇನೆ, ನಮಸ್ಕಾರ.