ಒಳಗಿನಿಂದ ಮಾತ್ರ ತೆರೆಯುವ ಟೆಂಟು

ಅಮೆರಿಕದಲ್ಲಿರುವ ನಮ್ಮ ಸಬ್‌ಡಿವಿಷನ್ನಿನಲ್ಲಿ, ಅಂದರೆ ಬಡಾವಣೆಯಲ್ಲಿ, ಬಾವಿಯಿಲ್ಲ, ಆಲದ ಮರವೂ ಇಲ್ಲ. ಮಳೆನೀರು ನಿಲ್ಲಲೆಂದು ಬಿಲ್ಡರ್ ಅಗೆಸಿದ ಒಂದು ಹೊಂಡವಿದೆ. ಅದರ ಅಂಚಿನಲ್ಲಿ ನಡೆದರೆ ನನ್ನ ಚಿಕ್ಕಮ್ಮನ ಮಗ ಅಕ್ಷೋಭ್ಯನ ಮನೆಯಿಂದ ನನ್ನ ಮನೆಗೆ ಆರು ನಿಮಿಷ. ಎರಡು ವರ್ಷದ ಹಿಂದೆ, ಡಿಸೆಂಬರಿನ ಒಂದು ರಾತ್ರಿ, ಹನ್ನೊಂದು ದಾಟಿದ ಮೇಲೆ ಅವನು ಆ ದಾರಿಯಲ್ಲಿ ನಡೆದು ಬಂದ. ಕೈಯಲ್ಲಿ ಟೆಂಟಿನ ಚೀಲ. ಹೊಂಡ ಹೆಪ್ಪುಗಟ್ಟಿತ್ತು. ಗಾಳಿ ಇರಲಿಲ್ಲ.

ಅರ್ಧ ದಾರಿಯಲ್ಲಿ ಹಿಂದೆ ಸದ್ದು.

ಕರ್... ಕರ್... ಕರ್...

ನೈಲಾನಿನ ಮೇಲೆ ಉಗುರು ಆಡಿಸಿದ ಸದ್ದು. ನಿಂತ. ತಿರುಗಿ ನೋಡಿದ. ಯಾರೂ ಇಲ್ಲ. ಮತ್ತೆ ನಡೆದ. ಈಗ ಸದ್ದು ಹಿಂದಿನಿಂದ ಅಲ್ಲ... ಅವನ ಜಾಕೆಟ್ಟಿನ ಬೆನ್ನಿನ ಮೇಲೇ. ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ, ಕತ್ತಲಲ್ಲಿ ಯಾರೋ ಏನನ್ನೋ ತಡಕುವ ಹಾಗೆ.

ಬಾಗಿಲು ತೆಗೆದಾಗ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಕ್ಕ... ಆ ಕೆಂಪು ದಾರ ಇದೆಯಾ?"

ಇತ್ತು. ಅದು ನನ್ನ ಹತ್ತಿರ ಹೇಗೆ ಬಂತು ಅಂತ ಮೊದಲು ಹೇಳುತ್ತೇನೆ.

ನಾನು ಬೇಸ್‌ಮೆಂಟಿನಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡವಳು. ನಮ್ಮ ಈ ಪ್ಲಿಮತ್ ಊರಿನ ಕನ್ನಡದವರಲ್ಲಿ ಅರ್ಧ ಹೆಂಗಸರ ಬ್ಲೌಸು ನನ್ನ ಕೈಯದ್ದೇ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿ ತಲೆ ಗಟ್ಟಿ ಮಾಡಿಕೊಂಡವಳು. ದೆವ್ವ ಅಂದರೆ ಓಡುವವಳಲ್ಲ.

ಅಕ್ಷೋಭ್ಯನಿಗೆ ಜಿಂಕೆ ಬೇಟೆಯ ಹುಚ್ಚು. ಪ್ರತಿ ನವೆಂಬರಿನಲ್ಲಿ ಲೈಸೆನ್ಸ್ ತೆಗೆದುಕೊಂಡು ಮಿಷಿಗನ್ನಿನ ಉತ್ತರದ ಕಾಡಿಗೆ ಹೋಗುತ್ತಿದ್ದ. ಕಾರು ನಿಲ್ಲಿಸುವ ಜಾಗದಿಂದ ಏಳು ಮೈಲಿ ಒಳಗೆ, ಎಲ್ಲವನ್ನೂ ಬೆನ್ನ ಮೇಲೆ ಹೊತ್ತು. ಆ ವರ್ಷ ಆಫೀಸಿನಲ್ಲಿ ತನ್ನ ಕೈಕೆಳಗಿನ ಟೀಮಿನ ಬಾಲುವನ್ನು ಜೊತೆಗೆ ಹೊರಡಿಸಿದ್ದ. ಬಾಲು ಮಂಡ್ಯದ ಕಡೆಯ ಹುಡುಗ, ವೀಸಾದ ಮೇಲಿದ್ದವನು. ಅವನ ಗ್ರೀನ್ ಕಾರ್ಡಿನ ಪೇಪರ್ ಮುಂದೆ ಹೋಗಬೇಕಾದರೆ ಅಕ್ಷೋಭ್ಯನ ಸೈನ್ ಬೇಕಿತ್ತು. ಬರಲ್ಲ ಅನ್ನುವ ಹಾಗಿರಲಿಲ್ಲ.

ಹೊರಡುವ ವಾರ ಇಬ್ಬರೂ ನನ್ನ ಹತ್ತಿರ ಎರಡು ಟೆಂಟು ತಂದರು. ಜೊತೆಗೆ, ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗಿ ನೋಡುತ್ತೇವಲ್ಲ, ಆ ಕೊಕ್ಕೆಯ ತಕ್ಕಡಿ. ದೊಡ್ಡ ಟೆಂಟು ಐದು ಪೌಂಡು, ಎರಡು ಬಾಗಿಲು. ಚಿಕ್ಕದು ಎರಡೂಕಾಲು ಪೌಂಡು, ಒಂದೇ ಬಾಗಿಲು. ಒಬ್ಬರಿಗೆ ಸರಿ, ಇಬ್ಬರಿಗೆ ಹಿಂಸೆ.

"ಸರ್, ದೊಡ್ಡದೇ ಇರ್ಲಿ. ನಾನೇ ಹೊರ್ತೀನಿ," ಅಂದ ಬಾಲು.

"ನೀನು ಹೊರೋಕೆ ಬರ್ತಿರೋದು ಮಾಂಸ ಕಣಯ್ಯ. ಟೆಂಟು ಮೂರು ಪೌಂಡ್ ಜಾಸ್ತಿ ಆದ್ರೆ ಮಾಂಸ ಮೂರು ಪೌಂಡ್ ಕಾಡಲ್ಲೇ ಬಿಟ್ಟು ಬರ್ಬೇಕು. ನಿನ್ ತೊಡೇಲಿ ಕೊಯ್ದು ಕೊಡ್ತೀಯಾ?"

ಬಾಲು ನಕ್ಕ. ನಗಲೇಬೇಕಿತ್ತು.

ಚಿಕ್ಕದೇ ಆಯಿತು. ಅದರಲ್ಲೂ ಬೇಡದ್ದನ್ನೆಲ್ಲ ಕತ್ತರಿಸು ಅಂದ ಅಕ್ಷೋಭ್ಯ. ಲೇಬಲ್ ಕತ್ತರಿಸಿದೆ. ಒಳಜೇಬು ಬಿಚ್ಚಿದೆ. ಒಂದೊಂದಕ್ಕೂ ತೂಗಿ ನೋಡಿದ. ಕೊನೆಗೆ ಜಿಪ್ಪಿನ ಹಲ್ಲುಗಳ ಮೇಲೆ ಜಾರುವ ರನ್ನರ್. ಅದಕ್ಕೆ ಒಳಗೊಂದು ಹಿಡಿ, ಹೊರಗೊಂದು ಹಿಡಿ. ಒಳಗಿನ ಹಿಡಿಗೆ ಹಳದಿ ದಾರ, ಹೊರಗಿನದಕ್ಕೆ ಕೆಂಪು.

"ಹೊರಗಿಂದು ತೆಗೆದುಬಿಡಕ್ಕ."

"ಹೊರಗಿಂದ ಹೆಂಗೆ ಓಪನ್ ಮಾಡೋದು ಆಂಟಿ?" ಬಾಲು ಕೇಳಿದ್ದು ನನ್ನನ್ನು.

ಉತ್ತರ ಕೊಟ್ಟಿದ್ದು ಅಕ್ಷೋಭ್ಯ. "ಒಳಗೆ ನಾನಿರ್ತೀನಲ್ಲ. ತಟ್ಟು."

ಇಕ್ಕಳದಲ್ಲಿ ಕತ್ತರಿಸಿದೆ. ತೂಗಿದ. ತಕ್ಕಡಿಯ ಅಂಕಿ ಕದಲಲೇ ಇಲ್ಲ. ಕತ್ತರಿಸು ಅಂದ, ಕತ್ತರಿಸಿದೆ. ನನ್ನ ಕೆಲಸದಲ್ಲಿ ತಪ್ಪಿಲ್ಲ, ಇವತ್ತೂ ಅದನ್ನೇ ಹೇಳುತ್ತೇನೆ. ಕೆಂಪು ದಾರದ ಹಿಡಿಯನ್ನು ಗುಂಡಿಗಳ ಬಿಸ್ಕತ್ ಡಬ್ಬಕ್ಕೆ ಹಾಕಿ ಮುಚ್ಚಿದೆ.

ಬಾಲು ಕಾಡಿನಿಂದ ಜೀವಂತ ಬರಲಿಲ್ಲ. ರಾತ್ರಿ ಎದ್ದು ಹೋದವನು ದಾರಿ ತಪ್ಪಿದ, ಚಳಿಗೆ ಸತ್ತ ಅಂತ ಅಕ್ಷೋಭ್ಯ ಪೊಲೀಸರಿಗೆ ಹೇಳಿದ. ಬಾಲುವಿನ ತಾಯಿಗೂ ಫೋನಿನಲ್ಲಿ ಅದನ್ನೇ ಹೇಳಿದ.

ಆ ಡಿಸೆಂಬರಿನ ರಾತ್ರಿ, ಮೆಷಿನ್ನಿನ ಪಕ್ಕ ಕೂತು, ನನಗೆ ಬೇರೆಯೇ ಹೇಳಿದ.

"ಬಾಲು ಬೂಟಿಲ್ಲದೆ ಹೊರಗೆ ಹೋದ, ನಾನು ಒಳಗಿಂದ ಜಿಪ್ ಎಳ್ಕೊಂಡೆ. ಸಾಕ್ಸ್ ಒದ್ದೆ ಮಾಡ್ಕೊಂಡು ವಾಪಸ್ ಬಂದ. ತಟ್ಟಿದ... ಟಪ್, ಟಪ್. ನಂಗೆ ಎಚ್ಚರ ಇತ್ತು ಅಕ್ಕ. ಕಾಲು ಚಾಚಿದ್ದೆ, ಜಾಗ ಆರಾಮಾಗಿತ್ತು. ಸ್ವಲ್ಪ ಹೊತ್ತು ನಿಲ್ಲಲಿ ಅಂದ್ಕೊಂಡೆ."

"ಕೂಗಲಿಲ್ವಾ ಅವನು?"

"ಇಲ್ಲ. ಮೀಟಿಂಗ್ ರೂಮಿನ ಬಾಗಿಲು ತಟ್ಟೋ ಹಾಗೆ ಮೆಲ್ಲಗೆ ತಟ್ಟಿದ. ಸರ್... ಸರ್... ಅಂದ. ಆಮೇಲೆ ಉಗುರಲ್ಲಿ ಜಿಪ್ ಹುಡುಕಿದ. ಕರ್, ಕರ್ ಅಂತ. ಅದನ್ನ ಕೇಳ್ತಾ ಕೇಳ್ತಾ ನಿದ್ದೆ ಬಂದ್ಬಿಡ್ತು."

ಬೆಳಿಗ್ಗೆ ಬಾಲು ಬಾಗಿಲಲ್ಲೇ ಮುದುರಿ ಕೂತಿದ್ದನಂತೆ, ಬೆರಳು ರನ್ನರ್ ಮೇಲೆ. ಇವನು ಎಳೆದುಕೊಂಡು ಹೋಗಿ ದೂರದ ಮರದ ಬುಡಕ್ಕೆ ಒರಗಿಸಿದನಂತೆ.

"ಆ ದಾರ ವಾಪಸ್ ಹಾಕ್ಕೊಡಕ್ಕ. ಸಿಕ್ಕಿದ್ರೆ ಹುಡುಕೋದು ನಿಲ್ಲಿಸ್ತಾನೆ."

"ಅವನ ತಾಯಿಗೆ ಫೋನ್ ಮಾಡು. ನಿಜ ಹೇಳು. ಆಮೇಲೆ ಹಾಕ್ತೀನಿ."

"ಜೈಲಿಗೆ ಕಳಿಸ್ತೀಯಾ ನನ್ನ?"

"ಡಬ್ಬ ಇಲ್ಲೇ ಇರುತ್ತೆ. ಫೋನ್ ಮಾಡಿ ಬಾ."

ಮಾಡಲಿಲ್ಲ. ನಾನೂ ಹಾಕಿಕೊಡಲಿಲ್ಲ. ಅತ್ತ. ಕೈ ಹಿಡಿದ. ನಾನು ಒಂದು ಸಲ ಆಡಿದ ಮಾತು ಬದಲಿಸುವವಳಲ್ಲ.

ಒಂದು ವರ್ಷ ಹಾಗೇ ಕಳೆದ. ಚಳಿಗಾಲದಲ್ಲೂ ಉಣ್ಣೆಯ ಕೋಟು, ನೈಲಾನ್ ಮೈಗೆ ಸೋಕಿಸಲಿಲ್ಲ. ಮತ್ತೆ ನವೆಂಬರ್ ಬಂತು. ಕಾರಿನಿಂದ ನನಗೆ ಫೋನ್ ಮಾಡಿದ.

"ಅದೇ ಜಾಗಕ್ಕೆ ಹೋಗ್ತಿದೀನಿ. ಜಿಪ್ ತೆಗೆದಿಟ್ಟು, ಅರ್ಧ ಜಾಗ ಬಿಟ್ಟು ಮಲಗ್ತೀನಿ. ಬಂದು ಮಲಗ್ಲಿ. ಅಲ್ಲಿಗೆ ಮುಗೀತು."

"ಫೋನ್ ಮಾಡೋದು ಅದಕ್ಕಿಂತ ಸುಲಭ," ಅಂದೆ.

ಇಟ್ಟುಬಿಟ್ಟ.

ನಾಲ್ಕನೇ ದಿನ ಹೆಣವಾಗಿ ಸಿಕ್ಕ. ಟೆಂಟಿನ ಒಳಗೆ. ಒಂದು ಬದಿಗೆ ಒತ್ತಿ ಮಲಗಿದ್ದ. ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ.

ತಿಂಗಳಾದ ಮೇಲೆ ಅವನ ಹೆಂಡತಿ ಮಾಳವಿಕಾ ಟೆಂಟನ್ನು ನನ್ನ ಹತ್ತಿರ ತಂದಳು. "ಅತ್ತಿಗೆ, ಈ ಜಿಪ್ ಯಾರು ಹೀಗೆ ಮಾಡಿದ್ದು ಅಂತ ಆಫೀಸರ್ ಕೇಳಿದ್ರು. ನಂಗೆ ಅರ್ಥವಾಗ್ಲಿಲ್ಲ. ನೀವು ನೋಡಿ."

ಜಿಪ್ಪು ಕೊನೆಯವರೆಗೂ ಮುಚ್ಚಿತ್ತಂತೆ. ಹುಡುಕಲು ಹೋದವರು ಹೊರಗಿನಿಂದ ಸಲೀಸಾಗಿ ತೆಗೆದರಂತೆ. ಚಾಕು ಅವನ ಸೊಂಟದಲ್ಲೇ ಇತ್ತಂತೆ. ದೀಪದ ಕೆಳಗೆ ಹಿಡಿದು ನೋಡಿದೆ. ಬಟ್ಟೆಗೆ ಒಂದು ತೂತೂ ಇಲ್ಲ. ಒಳಗಡೆ ಜಿಪ್ಪಿನ ಉದ್ದಕ್ಕೂ ಉಗುರಿನ ಗೀರು... ಸಾಲು ಸಾಲು.

ರನ್ನರ್ ತಿರುಗಿಸಿದೆ. ಹೊರಗೆ ಕೆಂಪು ದಾರ. ಒಳಗೆ ಏನೂ ಇಲ್ಲ, ಇಕ್ಕಳದಲ್ಲಿ ಕತ್ತರಿಸಿದ ಮೊಂಡು ಅಷ್ಟೇ.

ಮಾಳವಿಕಾ ಹೋದ ಮೇಲೆ ಡಬ್ಬ ತೆಗೆದೆ. ವರ್ಷದಿಂದ ಅದಕ್ಕೆ ಯಾರೂ ಕೈ ಹಾಕಿರಲಿಲ್ಲ, ನಾನೂ ಹಾಕಿರಲಿಲ್ಲ. ಗುಂಡಿಗಳ ಮೇಲೆ ಹಳದಿ ದಾರ ಬಿದ್ದಿತ್ತು. ಅದರ ತುದಿಯಲ್ಲಿ ಹಲ್ಲಿನ ಗುರುತು.

ಈಗಲೂ ಇದೆ. ಕಟ್ಟುಕತೆ ಹೇಳಿ ನನಗೇನೂ ಆಗಬೇಕಾಗಿಲ್ಲ, ನಂಬದವರು ಬಂದು ಮುಟ್ಟಿ ನೋಡಲಿ. ಒಂದು ಬೇಸಿಗೆ ಪೂರ್ತಿ ಕಳೆಯಿತು. ಆ ದಾರ ಇನ್ನೂ ಒದ್ದೆಯಾಗಿದೆ.