ಇಳಿಯದ ಕೈ

ಇದು ಎಲ್ಲೋ ಕೇಳಿದ್ದಲ್ಲ, ನಮ್ಮ ದೊಡ್ಡಮ್ಮನ ಮಗಳಿಗೇ ಆದದ್ದು. ಅಕ್ಕನಿಗೆ ಸುಳ್ಳು ಹೇಳೋಕೆ ಬರಲ್ಲ. ಹೇಳಿದರೂ ಮುಖ ನೋಡಿದ ಕೂಡಲೇ ಗೊತ್ತಾಗಿಬಿಡುತ್ತೆ. ಇನ್ನೂ ಹತ್ತಿರ ಬನ್ನಿ... ಮಕ್ಕಳು ಏಳೋದು ಬೇಡ.

ಅವತ್ತು ಅಕ್ಕ ಬಸ್ಸಿಳಿಯೋ ಹೊತ್ತಿಗೆ ಕತ್ತಲಾಗಿತ್ತು. ಗುರುತಿಲ್ಲದ ಓಣಿ. ತಿರುವಿನಲ್ಲಿ ಒಂದು ಹಾಳುಬಾವಿ, ಬಾಯಿಗೆ ತಗಡು ಮುಚ್ಚಿದ್ದರು. ಗಾಳಿ ಬಂದಾಗ ತಗಡು ಟಣ್... ಅನ್ನೋದು, ಸುಮ್ಮನಾಗೋದು. ಮತ್ತೆ ಟಣ್... ಅಕ್ಕನ ಒಂದು ಕಿವಿಯಲ್ಲಿ ಫೋನಿನ ವೈರು. ಅದರೊಳಗೆ ಅವಳ ಆಫೀಸು.

ಆಫೀಸು ಅಂದರೆ ಕಟ್ಟಡ ಅಂದ್ಕೋಬೇಡಿ. ಶಾಲೆ ಪುಸ್ತಕಗಳ ಪುಟ ತಿದ್ದೋ ಕೆಲಸ. ಅಕ್ಕನ ಕೈಕೆಳಗೆ ನಾಲ್ಕು ಜನ, ನಾಲ್ಕು ಊರು. ಕಂಪ್ಯೂಟರಿನಲ್ಲಿ ಒಂದು ಮೀಟಿಂಗು ಹಗಲೂ ರಾತ್ರಿ ತೆರೆದೇ ಇರುತ್ತೆ. ಬೆಳಿಗ್ಗೆ ಅದರೊಳಗೆ ಬರಬೇಕು, ಸಂಜೆ ಹೊರಗೆ ಹೋಗಬೇಕು. ಕ್ಯಾಮೆರಾ ಯಾರೂ ಹಾಕಲ್ಲ, ಯಾರ ಮುಖವನ್ನೂ ಯಾರೂ ಕಂಡಿಲ್ಲ. ಹಿಂದಿನ ಸದ್ದೇ ಗುರುತು. ಒಬ್ಬಳು ಬಾಯಿ ತೆಗೆದರೆ ಸಾಕು, ಹಿತ್ತಲಲ್ಲಿ ಹುಂಜ ಕೂಗೋದು. ಅವಳಿಗೆ ಕೋಳಿ ಅಂತಲೇ ಹೆಸರು ಬಿತ್ತು. ಎಲ್ಲರಿಗಿಂತ ಹಿರಿಯರೊಬ್ಬರ ತಲೆಯ ಮೇಲೆ ಫ್ಯಾನು ಕಟಕ್... ಕಟಕ್... ಅಂತ ತಿರುಗೋದು. ಅವರು ಫ್ಯಾನಣ್ಣ. ಹೆಂಡತಿ ಹೋದ ಮೇಲೆ ಮನೆಯಲ್ಲಿ ಅವರೊಬ್ಬರೇ.

ಆ ಕಟಕ್ ಕಟಕ್ ಕೇಳಿ ಅಕ್ಕನ ಮೇಲಿನವರು ಸಿಡುಕಿದರು. ಅಕ್ಕ ಹೊಸ ಕಟ್ಟಳೆ ಮಾಡಿದಳು. ಎಲ್ಲರ ಮೈಕೂ ಬಂದ್. ಮಾತಾಡಬೇಕಾದವರು ಪರದೆಯ ಮೇಲೆ ಒಂದು ಗುಂಡಿ ಒತ್ತಿದರೆ ಹೆಸರಿನ ಪಕ್ಕ ಪುಟ್ಟದೊಂದು ಕೈ ಏಳುತ್ತೆ. ಅಕ್ಕ ಬಿಟ್ಟರೆ ಮಾತ್ರ ಮೈಕು ತೆರೆಯುತ್ತೆ.

"ನನ್ನದೊಂದು ಮುಚ್ಚಬೇಡಮ್ಮ," ಅಂದಿದ್ದರಂತೆ ಫ್ಯಾನಣ್ಣ. "ನೀವೆಲ್ಲ ಮಾತಾಡೋದು ಇಲ್ಲಿ ನನಗೆ ಕೇಳಿಸುತ್ತೆ. ನಾನೂ ಇದ್ದೀನಿ ಅಂತ ನಿಮಗೆ ಕೇಳಿಸ್ತಾ ಇರಲಿ..."

"ನಿಮ್ಮೊಬ್ಬರಿಗೆ ಬಿಟ್ಟರೆ ಉಳಿದವರು ನನ್ನ ಸುಮ್ಮನೆ ಬಿಡ್ತಾರಾ ಅಣ್ಣ?" ಅಂತ ನಕ್ಕು ಅಕ್ಕ ಮುಚ್ಚಿದಳು.

ಸೋಮವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಫ್ಯಾನಣ್ಣನ ಕೈ ಎದ್ದಿತು. ಅಕ್ಕ ಪುಟಗಳನ್ನು ಹಂಚುತ್ತಿದ್ದಳು. "ಕೊನೆಗೆ ಕೇಳ್ತೀನಿ ಅಣ್ಣ," ಅಂದಳು. ಕೊನೆಗೆ ಮರೆತಳು. ಸಂಜೆ ಎಲ್ಲರೂ ಹೋದರು, ಆ ಹೆಸರು ಮಾತ್ರ ಹೋಗಲಿಲ್ಲ. ಕೈಯೂ ಇಳಿಯಲಿಲ್ಲ. ಮಂಗಳವಾರ ಬಂದು ನೋಡಿದರೆ ಹಾಗೇ ಇದೆ. "ಏನಣ್ಣ, ಕೈ ನೋಯಲ್ವಾ? ಇಳಿಸಿ!" ಅಂತ ತಮಾಷೆ ಮಾಡಿ ತಾನೇ ನಕ್ಕಳು. ಅದೂ ಸಾಲದು ಅಂತ ಬುಧವಾರ ಉಳಿದವರಿಗೆ ಹೇಳಿದಳು, "ನೋಡಿ ಕಲೀರಿ, ರಾತ್ರಿನೂ ಕೆಲಸ ಬಿಟ್ಟು ಏಳಲ್ಲ ಇವರು."

ಆ ಸಂಜೆ ಪುಟ ಒಪ್ಪಿಸಬೇಕಿತ್ತು. ಎಲ್ಲರದೂ ಬಂತು, ಫ್ಯಾನಣ್ಣನದು ಬರಲಿಲ್ಲ. ಫೋನು ಮಾಡಿದಳು, ಎತ್ತಲಿಲ್ಲ. ಅವರ ಊರಿಗೆ ಬಸ್ಸಿನಲ್ಲಿ ಬರೀ ಅರ್ಧ ಗಂಟೆ. ಜೊತೆಗೆ ಕೆಲಸ ಮಾಡಿದ ಎರಡು ವರ್ಷದಲ್ಲಿ ಒಂದು ಸಲವೂ ಹೋಗಿರಲಿಲ್ಲ. ವಿಳಾಸ ಬರಕೊಂಡು ಓಡಿದಳು.

"ನಾನೂ ಇರ್ತೀನಿ ಅಕ್ಕ, ಅಣ್ಣ ಸಿಕ್ಕಿದ ಮೇಲೆ ಹೋಗ್ತೀನಿ," ಅಂತ ಕೋಳಿ ಮೀಟಿಂಗಿನಲ್ಲೇ ಕೂತಿದ್ದಳು. ಅವಳ ಮೈಕನ್ನು ಅಕ್ಕ ತೆರೆದಿದ್ದಳು.

ಬಾವಿ ದಾಟಿದಳು. ಹಿಂದೆ ತಗಡು ಟಣ್...

"ಕೇಳಿಸ್ತಿದೆಯಾ?" ಅಂದಳು ಅಕ್ಕ, ಪಿಸುದನಿಯಲ್ಲಿ.

"ಕೇಳಿಸ್ತಿದೆ ಅಕ್ಕ."

ಒಂದು ಉಸಿರು ಬಿಟ್ಟಷ್ಟು ಹೊತ್ತು... ಓಣಿಯ ಕೊನೆ ಮನೆಯಿಂದ ಅಕ್ಕನದೇ ದನಿ ಬಂತು. "ಕೇಳಿಸ್ತಿದೆಯಾ?" ಅದರ ಬೆನ್ನಿಗೇ ಕೋಳಿಯ ದನಿ. "ಕೇಳಿಸ್ತಿದೆ ಅಕ್ಕ."

ಅಕ್ಕನ ಕಾಲು ಅಲ್ಲೇ ನಿಂತವು. ದೆವ್ವ ಅಂದುಕೊಂಡು ಅಲ್ಲ. ಅರ್ಥ ಆಗಿತ್ತು ಅವಳಿಗೆ. ಫ್ಯಾನಣ್ಣನ ಕಂಪ್ಯೂಟರು ಆರಿಲ್ಲ. ಮೂರು ದಿನದಿಂದ ತಾನು ಆಡಿದ ಮಾತೆಲ್ಲ ಆ ಕತ್ತಲ ಮನೆಯೊಳಗೆ ಹೀಗೇ ಕೇಳಿಸಿದೆ. ಕೈ ನೋಯಲ್ವಾ ಅಂದದ್ದು, ನಕ್ಕದ್ದು, ಎಲ್ಲ.

ಕಿಟಕಿಯಲ್ಲಿ ಕಂಪ್ಯೂಟರಿನ ನೀಲಿ ಬೆಳಕು. ಬಾಗಿಲಿಗೆ ಒಳಗಿನಿಂದ ಚಿಲಕ. ತಟ್ಟಿದಳು... ಇಲ್ಲ. ಫೋನು ನೋಡಿದಳು. ಆ ಹೆಸರು, ಅದರ ಪಕ್ಕ ಆ ಕೈ, ಎತ್ತಿದ್ದು ಎತ್ತಿದ ಹಾಗೇ. ಫ್ಯಾನಣ್ಣನ ಮೈಕು ತೆರೆದಳು.

ಒಂದು ಕಿವಿಗೆ ಫೋನಿನಿಂದ, ಇನ್ನೊಂದಕ್ಕೆ ಕಿಟಕಿಯಿಂದ... ಕಟಕ್... ಕಟಕ್...

"ಹೇಳಿ ಅಣ್ಣ," ಅಂದಳು. "ಕೇಳ್ತಾ ಇದ್ದೀನಿ. ಹೇಳಿ."

ಒಳಗಿಂದ ಅವಳದೇ ದನಿ ಹೊರಬಂತು. ಹೇಳಿ ಅಣ್ಣ...

ಕೈ ಇಳಿಯಿತು.

"ಅಕ್ಕಾ!" ಕೋಳಿ ಕಿರುಚಿದಳು. "ಅಣ್ಣ ಕೈ ಇಳಿಸಿದ್ರು! ಹುಷಾರಾಗಿದ್ದಾರೆ ಅಲ್ವಾ? ನನ್ನ ಪುಟ ತಿದ್ದಿಕೊಟ್ಟಿದ್ರು ಅಕ್ಕ, ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ ನಾನು..."

ಅಕ್ಕನಿಗೂ ಹೋದ ಜೀವ ಬಂದಂತಾಯ್ತು. ಪಕ್ಕದ ಮನೆಯವರನ್ನು ಕೂಗಿದಳು. ಇಬ್ಬರು ಬಂದು ಚಿಲಕ ಮುರಿದರು.

ಫ್ಯಾನಣ್ಣ ಕುರ್ಚಿಯ ಪಕ್ಕ ನೆಲದ ಮೇಲಿದ್ದರು. ಅಕ್ಕ ಅವರ ಮುಖ ನೋಡಿದ್ದು ಅದೇ ಮೊದಲು. ಡಾಕ್ಟರು ಬಂದು ನೋಡಿ ಸೋಮವಾರ ಬೆಳಿಗ್ಗೆಯೇ ಜೀವ ಹೋಗಿದೆ ಅಂದರು. ಎದೆ ಹಿಡಿದಾಗ ಅವರ ಕೈಗೆ ಎಟುಕಿದ್ದು ಆ ಗುಂಡಿಯೊಂದೇ ಇರಬೇಕು. ಒಂದು ಸಲ "ಹೇಳಿ" ಅನ್ನೋದಕ್ಕೆ ನನಗೆ ಮೂರು ದಿನ ಬೇಕಾಯ್ತಲ್ಲೋ ಅಂತ ಅಕ್ಕ ಈಗಲೂ ನನ್ನ ಮುಂದೆ ಅಳುತ್ತಾಳೆ. ಆಮೇಲೆ ಅವಳು ಯಾರ ಮೈಕನ್ನೂ ಮುಚ್ಚಿಲ್ಲ. ಮೀಟಿಂಗು ಈಗ ಸಂತೆ ಇದ್ದ ಹಾಗಿರುತ್ತೆ, ಹುಂಜ ಕೂಗಿದರೂ ಕೂಗಲಿ ಅಂತಾಳೆ.

ಅಕ್ಕನ ಫೋನಿನಿಂದಲೂ ಆ ಕೈ ಇಳಿಸಬಹುದು, ಅವಳ ಬೆರಳೇ ತಾಗಿರಬೇಕು ಅಂತೀರಿ ನೀವು. ನಾನೂ ಅದನ್ನೇ ಅಂದಿದ್ದೆ. ಯಾರು ಏನು ಒತ್ತಿದರು ಅಂತ ಆ ಮೀಟಿಂಗು ತಾನೇ ಬರೆದಿಟ್ಟುಕೊಳ್ಳುತ್ತೆ. ಆ ಪಟ್ಟಿ ತೆರೆದು ತೋರಿಸಿದಳು, ನಾನು ಕಣ್ಣಾರೆ ಓದಿದ್ದೇನೆ. ಬುಧವಾರ, ರಾತ್ರಿ ಏಳು ಇಪ್ಪತ್ತೆರಡು. ಕೈ ಇಳಿಸಿದವರು ಅನ್ನೋ ಕಡೆ ಫ್ಯಾನಣ್ಣನ ಹೆಸರಿದೆ.